ಬುಟ್ಟಿ ಸ್ಟ್ರೆಚರ್‌ನಲ್ಲಿ ಗಾಯಾಳುವನ್ನು ಕಟ್ಟುವ ಬಗೆ: ಮೊದಲು ಸಂದು ತುಂಬಿ, ಆಮೇಲೆ ಪಟ್ಟಿ ಬಿಗಿಯಿರಿ

ಮಲಗಿಸಿ ಮೂರು ಬೆಲ್ಟ್ ಎಳೆದರೆ ಆಯಿತು ಅನ್ನುವುದು ಆಸ್ಪತ್ರೆಯ ಕಾರಿಡಾರಿಗೆ ಸರಿ. ಅಲ್ಲಿ ನೆಲ ಸಮತಟ್ಟು, ದೂರ ಕಡಿಮೆ, ಟ್ರಾಲಿಗೆ ಗಾಲಿ ಇರುತ್ತದೆ. ಬಂಡೆಗಳ ಇಳಿಜಾರು, ಕುಸಿದ ಕಟ್ಟಡ, ಹಡಗಿನ ಕಡಿದಾದ ಏಣಿ, ಆಳದ ಗುಂಡಿ ಇಂಥ ಕಡೆ ಬಳಸುವುದು ಸುತ್ತ ಎತ್ತರದ ಅಂಚಿರುವ ಬುಟ್ಟಿ ಸ್ಟ್ರೆಚರ್. ಅಲ್ಲಿ ಅದು ವಾಲುತ್ತದೆ, ಕುಲುಕುತ್ತದೆ, ಕೆಲವೊಮ್ಮೆ ನೆಟ್ಟಗೆ ನಿಲ್ಲುತ್ತದೆ. ಆಗ ಒಳಗಿನ ಮೈ ಬುಟ್ಟಿಯ ಜೊತೆಗೇ ವಾಲಬೇಕು, ಬುಟ್ಟಿಯೊಳಗೆ ಜಾರಬಾರದು.

ಮೈ ಜಾರಲು ದಾರಿ ನಾಲ್ಕು: ಕಾಲಿನ ಕಡೆಗೆ, ತಲೆಯ ಕಡೆಗೆ, ಪಕ್ಕಕ್ಕೆ, ಮೇಲಕ್ಕೆ. ಬುಟ್ಟಿಯ ಜೊತೆ ಬರುವ ಅಡ್ಡ ಬೆಲ್ಟುಗಳು ತಡೆಯುವುದು ಕೊನೆಯದನ್ನು ಮಾತ್ರ. ಪಕ್ಕಕ್ಕೆ ಜಾರುವುದನ್ನು ತಡೆಯುವುದು ಸಂದುಗಳಲ್ಲಿ ತುರುಕಿದ ಕಂಬಳಿ. ಕಾಲಿನ ಕಡೆಗೆ ಜಾರದಂತೆ ತೊಡೆಯ ಕುಣಿಕೆ ಮತ್ತು ಅಂಗಾಲಿನ ಆಸರೆ ಬೇಕು, ತಲೆಯ ಕಡೆಗೆ ಜಾರದಂತೆ ಹೆಗಲ ಪಟ್ಟಿ ಬೇಕು. ಹೊಸಬರು ಸಾಮಾನ್ಯವಾಗಿ ತುಂಬುವ ಕೆಲಸವನ್ನು ಬಿಟ್ಟು ಪಟ್ಟಿಯನ್ನೇ ಇನ್ನಷ್ಟು ಬಿಗಿಯುತ್ತಾರೆ. ಟೊಳ್ಳಿನ ಮೇಲೆ ಎಷ್ಟು ಬಿಗಿದರೂ ಹತ್ತು ನಿಮಿಷದ ನಡಿಗೆಯಲ್ಲಿ ಮೈ ಕುಳಿಗೆ ಇಳಿದು ಪಟ್ಟಿ ಸಡಿಲವಾಗುತ್ತದೆ. ಅಷ್ಟರೊಳಗೆ ಗಾಯಾಳುವಿಗೆ ಉಸಿರಾಡುವುದು ಕಷ್ಟವಾಗಿರುತ್ತದೆ.

ಯಾವ ಬುಟ್ಟಿ

ಬುಟ್ಟಿ ಸ್ಟ್ರೆಚರಿಗೆ ಸ್ಟೋಕ್ಸ್ ಬಾಸ್ಕೆಟ್ ಎಂಬ ಹೆಸರು ಬಂದದ್ದು ಅಮೆರಿಕದ ನೌಕಾಪಡೆಯ ವೈದ್ಯ ಚಾರ್ಲ್ಸ್ ಸ್ಟೋಕ್ಸ್ ಅವರಿಂದ. ಸುಮಾರು 2.1 ಮೀಟರ್ ಉದ್ದ, 60 ಸೆಂ.ಮೀ. ಅಗಲ, ಸುತ್ತ ಎತ್ತರದ ಅಂಚು. ಉಕ್ಕಿನ ಕೊಳವೆಗೆ ತಂತಿಬಲೆ ಹಾಕಿದ್ದು ಒಂದು ಬಗೆ, ಪ್ಲಾಸ್ಟಿಕ್ ದೋಣಿಯಂಥದ್ದು ಇನ್ನೊಂದು. ತಂತಿಬಲೆಯದರಲ್ಲಿ ನೀರು ನಿಲ್ಲುವುದಿಲ್ಲ, ಪಟ್ಟಿ ಕಟ್ಟಲು ಎಲ್ಲೆಂದರಲ್ಲಿ ಸರಳು ಸಿಗುತ್ತದೆ. ಆದರೆ ಕೆಳಗಿನಿಂದ ಚುಚ್ಚುವ ಕೊಂಬೆ, ಕಲ್ಲು ಗಾಯಾಳುವಿನ ಬೆನ್ನಿಗೇ ತಾಗುತ್ತವೆ. ಪ್ಲಾಸ್ಟಿಕ್‌ನದು ನೆಲದ ಮೇಲೆ, ಹಿಮದ ಮೇಲೆ ಸಲೀಸಾಗಿ ಜಾರುತ್ತದೆ. ಬಿಸಿಲಲ್ಲಿ ಅದೇ ಕಾದ ಬಾಣಲೆಯಾಗುತ್ತದೆ. ಹಳೆಯ ತಂತಿ ಬುಟ್ಟಿಗಳಲ್ಲಿ ಎರಡು ಕಾಲುಗಳ ನಡುವೆ ಒಂದು ಅಡ್ಡಗೋಡೆ ಇರುತ್ತದೆ. ಅದರಲ್ಲಿ ಉದ್ದದ ಬೆನ್ನುಹಲಗೆ (ಬೆನ್ನಿಗೆ ಪೆಟ್ಟಾದವರನ್ನು ಮಲಗಿಸುವ ಗಟ್ಟಿ ಹಲಗೆ) ಕೂರುವುದಿಲ್ಲ. ಇದು ಸ್ಥಳಕ್ಕೆ ಹೋದ ಮೇಲೆ ಗೊತ್ತಾಗಬಾರದು.

ಎಲ್ಲ ಪ್ಲಾಸ್ಟಿಕ್ ಬುಟ್ಟಿಯನ್ನೂ ಹಗ್ಗದಲ್ಲಿ ತೂಗುಬಿಡಲು ಆಗುವುದಿಲ್ಲ. ಕೆಲವು ಕೈಯಲ್ಲಿ ಹೊರಲು ಮಾತ್ರ. ತಯಾರಕರು ಅಂಟಿಸಿದ ಫಲಕದಲ್ಲಿ ಭಾರದ ಮಿತಿಯೂ ತೂಗುವ ಬಗೆಯೂ ಬರೆದಿರುತ್ತದೆ. ಫಲಕ ಕಿತ್ತುಹೋಗಿದ್ದರೆ ಆ ಬುಟ್ಟಿ ಕೈಯಲ್ಲಿ ಹೊರಲಿಕ್ಕೆ ಅಷ್ಟೇ.

ಕೈಗೆಟುಕುವಂತೆ ಇರಬೇಕಾದದ್ದು

ಪಟ್ಟಿ ಅಂದರೆ 25 ಮಿ.ಮೀ. ಅಗಲದ ಕೊಳವೆ ನೇಯ್ಗೆಯ ನೈಲಾನ್ ವೆಬ್ಬಿಂಗ್. ಹಗ್ಗಕ್ಕಿಂತ ಇದೇ ಒಳ್ಳೆಯದು: ಚಪ್ಪಟೆಯಾಗಿರುವುದರಿಂದ ಮೈಗೆ ಕೊರೆಯುವುದಿಲ್ಲ, ಸರಳಿಗೆ ಹಿಡಿದುಕೊಳ್ಳುತ್ತದೆ. ತೊಡೆಗೆ 3 ಮೀಟರಿನ ಎರಡು ತುಂಡು, ಹೆಗಲಿಗೆ ಅಷ್ಟೇ ಉದ್ದದ ಎರಡು, ಪಾದಕ್ಕೆ 4.5 ಮೀಟರಿನ ಒಂದು, ಮೇಲಿನ ಹೆಣಿಗೆಗೆ 10 ಮೀಟರಿನ ಒಂದು. ಪ್ರತಿ ಉದ್ದಕ್ಕೂ ಬೇರೆ ಬಣ್ಣ ಇಟ್ಟುಕೊಂಡರೆ ಕತ್ತಲಲ್ಲಿ, ಮಳೆಯಲ್ಲಿ "ಆ ಕೆಂಪಿನದು ಕೊಡು" ಅಂದರೆ ಸಾಕು. ಎರಡು ತುಂಡು ಜೋಡಿಸಬೇಕಾಗಿ ಬಂದರೆ ವಾಟರ್ ನಾಟ್ (ಒಂದರಲ್ಲಿ ಸಾದಾ ಗಂಟು ಹಾಕಿ, ಇನ್ನೊಂದರ ತುದಿಯನ್ನು ಅದೇ ದಾರಿಯಲ್ಲಿ ಎದುರಿನಿಂದ ಹಾಯಿಸುವ ಗಂಟು) ಹಾಕಿ, ಎರಡೂ ಕಡೆ ಬಾಲ ಕನಿಷ್ಠ 7–8 ಸೆಂ.ಮೀ. ಬಿಡಿ. ಈ ಗಂಟು ಅಲುಗಾಟಕ್ಕೆ ನಿಧಾನವಾಗಿ ಜಾರುತ್ತದೆ, ಬಾಲವನ್ನು ಆಗಾಗ ನೋಡುತ್ತಿರಬೇಕು. ಯಾವ ಗಂಟೇ ಆಗಲಿ, ಹಾಕಿದ ಜಾಗದಲ್ಲಿ ಪಟ್ಟಿಯ ಶಕ್ತಿ ಸುಮಾರು ಮೂರನೇ ಒಂದು ಭಾಗ ಕುಗ್ಗುತ್ತದೆ ಎಂದು ಲೆಕ್ಕ ಹಾಕಿ.

ತುಂಬಲಿಕ್ಕೆ ಕಂಬಳಿ, ಟವೆಲ್, ಬಟ್ಟೆ, ತಂಡದವರ ಜಾಕೆಟ್, ಖಾಲಿ ಮಾಡಿದ ಚೀಲ, ಯಾವುದಾದರೂ ಆದೀತು. ಐದಾರು ಕಂಬಳಿ ಸಾಕೆಂದು ಕಾಣುತ್ತದೆ, ಸಾಲುವುದಿಲ್ಲ. ಸಾಧಾರಣ ಮೈಕಟ್ಟಿನವರಿಗೂ ಎಂಟು ಬೇಕಾಗುತ್ತದೆ. ಇದರ ಮೇಲೆ ಒಂದು ಫೋಮ್ ಚಾಪೆ, ನೀರು ಇಳಿಯದ ಟಾರ್ಪಾಲ್, ಹೆಲ್ಮೆಟ್, ಕಣ್ಣಿಗೆ ಗಾಗಲ್, ಅಗಲ ಅಂಟುಪಟ್ಟಿ, ಪಟ್ಟಿ ಕತ್ತರಿಸುವ ಕತ್ತರಿ. ಕತ್ತರಿಯನ್ನು ತಲೆಯ ಬಳಿ ಇರುವವರ ಸೊಂಟಕ್ಕೆ ಕಟ್ಟಿರಿ. ಚೀಲದ ತಳದಲ್ಲಿದ್ದರೆ ಬೇಕಾದಾಗ ಸಿಗುವುದಿಲ್ಲ.

ಕಟ್ಟುವ ಮೊದಲು

ಕಟ್ಟಿದ ಮೇಲೆ ಗಾಯಾಳು ತನ್ನ ಮೂಗು ತುರಿಸಿಕೊಳ್ಳಲೂ ಆಗದ ಸ್ಥಿತಿಯಲ್ಲಿರುತ್ತಾರೆ. ಹಾಗಾಗಿ ಉಸಿರಿನ ದಾರಿ, ಉಸಿರಾಟ, ರಕ್ತಸ್ರಾವ ಈ ಮೂರನ್ನೂ ಮೊದಲೇ ಸರಿಪಡಿಸಬೇಕು. ಕಂಬಳಿಯಡಿ ಹರಿಯುವ ರಕ್ತ ಕಾಣುವುದಿಲ್ಲ. ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ, ಅಂದರೆ ಟೂರ್ನಿಕೆಟ್ ಹಾಕಿದ್ದರೆ ಹಾಕಿದ ಸಮಯವನ್ನು ಅದರ ಮೇಲೆಯೇ ಬರೆಯಿರಿ, ಅದರ ಮೇಲೆ ಏನನ್ನೂ ಹೊದಿಸಬೇಡಿ. ಮುರಿದ ಕೈಕಾಲಿಗೆ ದಬ್ಬೆ ಕಟ್ಟುವುದು ಬುಟ್ಟಿಗೆ ಹಾಕುವ ಮೊದಲಿನ ಕೆಲಸ.

ನಾಲ್ಕೂ ಕೈಕಾಲುಗಳ ತುದಿಯಲ್ಲಿ ನಾಡಿ, ಸ್ಪರ್ಶ, ಚಲನೆ ನೋಡಿ ಬರೆದಿಡಿ. ಕಟ್ಟಿದ ಮೇಲೆ ಮತ್ತೆ ನೋಡುತ್ತೀರಿ. ಮೊದಲಿನದನ್ನು ಬರೆಯದಿದ್ದರೆ "ಎಡಪಾದ ಮೊದಲೇ ಮರಗಟ್ಟಿತ್ತಾ, ನಾವು ಬಿಗಿದದ್ದರಿಂದ ಹೀಗಾಯಿತಾ" ಎಂಬ ಪ್ರಶ್ನೆಗೆ ಯಾರ ಬಳಿಯೂ ಉತ್ತರ ಇರುವುದಿಲ್ಲ.

ಜೇಬು ಖಾಲಿ ಮಾಡಿ. ಹಿಂದಿನ ಜೇಬಿನ ಪರ್ಸ್, ಕೀಲಿಗೊಂಚಲು, ಬೆಲ್ಟಿನ ಬಕಲ್, ಫೋನ್, ಇವೆಲ್ಲ ಅರ್ಧ ಗಂಟೆಯಲ್ಲಿ ಮೈಗೆ ಒತ್ತಿ ಗಾಯ ಮಾಡುತ್ತವೆ. ಊದುತ್ತಿರುವ ಕೈಯ ಉಂಗುರ, ಬಳೆ ಆಗಲೇ ತೆಗೆಯಬೇಕು. ಒದ್ದೆ ಬಟ್ಟೆಯನ್ನು ಕತ್ತರಿಸಿ ತೆಗೆಯಿರಿ. ಎಚ್ಚರವಿದ್ದವರನ್ನು ಮೂತ್ರಕ್ಕೆ ಹೋಗಬೇಕೇ ಎಂದು ಕೇಳಿ. ಈ ಪ್ರಶ್ನೆಗೆ ನಾಚಿಕೊಂಡ ತಂಡ ಒಂದು ಗಂಟೆಯ ನಂತರ ಹಾದಿ ಮಧ್ಯೆ ಎಲ್ಲ ಬಿಚ್ಚುತ್ತದೆ.

ಮಾಡುವ ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳುತ್ತಿರಿ. "ಈಗ ತೊಡೆಯ ಕೆಳಗೆ ಪಟ್ಟಿ ಹಾಯಿಸುತ್ತೇನೆ" ಎಂದು ಹೇಳದೆ ಕೈಹಾಕಿದರೆ ಯಾರಾದರೂ ಬೆದರಿ ಮೈ ಕೊಡವುತ್ತಾರೆ. ಬೆನ್ನುಮೂಳೆಯ ಗಾಯವಿದ್ದರೆ ಆ ಒಂದು ಕೊಡವು ಸಾಕು.

ಬುಟ್ಟಿ ಹಾಸುವುದು ಮತ್ತು ಒಳಗೆ ತರುವುದು

ತಳದಿಂದ ಮೇಲಕ್ಕೆ: ಮೊದಲು ಟಾರ್ಪಾಲ್, ಅಂಚುಗಳು ಬುಟ್ಟಿಯ ಎರಡೂ ಕಡೆ ಹೊರಗೆ ಜೋಲುವಂತೆ. ಅದರ ಮೇಲೆ ಫೋಮ್ ಚಾಪೆ. ಅದರ ಮೇಲೆ ಎರಡು ಕಂಬಳಿ, ಅವೂ ಹೊರಗೆ ಚಾಚಿಕೊಂಡೇ ಇರಲಿ, ಆಮೇಲೆ ಗಾಯಾಳುವಿನ ಮೇಲೆ ಮಡಚಿ ತರಬೇಕು. ಮೈಯ ಶಾಖ ಹೆಚ್ಚಾಗಿ ಕೆಳಗೇ ಸೋರುತ್ತದೆ, ಏಕೆಂದರೆ ಮೈಭಾರಕ್ಕೆ ಕಂಬಳಿ ಒತ್ತಿಹೋಗಿ ಅದರೊಳಗಿನ ಗಾಳಿ ಖಾಲಿಯಾಗಿರುತ್ತದೆ. ಮೇಲೆ ಮೂರು ಹೊದಿಸಿ ಕೆಳಗೆ ತಂತಿಬಲೆ ಬಿಟ್ಟರೆ ಪ್ರಯೋಜನವಿಲ್ಲ. ತೊಡೆ ಮತ್ತು ಹೆಗಲ ಪಟ್ಟಿಗಳನ್ನು ಈಗಲೇ ಅವುಗಳ ಜಾಗದಲ್ಲಿ ಹಾಸಿ, ತುದಿಗಳನ್ನು ಹೊರಗೆ ಹಾಕಿಡಿ. ಗಾಯಾಳು ಮಲಗಿದ ಮೇಲೆ ಅವರ ಕೆಳಗೆ ಪಟ್ಟಿ ತೂರಿಸುವ ಕಷ್ಟ ತಪ್ಪುತ್ತದೆ.

ಬುಟ್ಟಿಗೆ ಎತ್ತಿಡಲು ಒಳ್ಳೆಯ ಸಾಧನ ಸ್ಕೂಪ್ ಸ್ಟ್ರೆಚರ್: ಉದ್ದಕ್ಕೆ ಎರಡು ಹೋಳಾಗಿ ಬಿಚ್ಚಿಕೊಂಡು ಎರಡೂ ಪಕ್ಕದಿಂದ ಮೈಯಡಿ ಸೇರುತ್ತದೆ. ಅದು ಇಲ್ಲದಿದ್ದರೆ ಏಳು ಜನ ಸೇರಿ ಮಟ್ಟಸವಾಗಿ ಎತ್ತುವುದು. ತಲೆಗೆ ಒಬ್ಬರು, ಎರಡೂ ಪಕ್ಕದಲ್ಲಿ ಹೆಗಲು, ಸೊಂಟ, ಕಾಲಿಗೆ ಉಳಿದವರು. ಒಂದು ಅಡಿಗಿಂತ ಎತ್ತರ ಬೇಡ, ಇನ್ನೊಬ್ಬರು ಕಾಲಿನ ಕಡೆಯಿಂದ ಬುಟ್ಟಿಯನ್ನು ಕೆಳಗೆ ಸರಿಸುತ್ತಾರೆ. ದಿಮ್ಮಿ ಉರುಳಿಸಿದಂತೆ ಪಕ್ಕಕ್ಕೆ ಹೊರಳಿಸುವ ವಿಧಾನ ಹಲಗೆಗೆ ಸರಿ, ಬುಟ್ಟಿಗೆ ಅಷ್ಟಾಗಿ ಹೊಂದುವುದಿಲ್ಲ, ಅಂಚು ಅಡ್ಡ ಬರುತ್ತದೆ. ಸೊಂಟದ ಮೂಳೆ ಮುರಿದಿರುವ ಸಂಶಯವಿದ್ದರೆ ಹೊರಳಿಸಲೇಬೇಡಿ. ಅಪ್ಪಣೆ ಕೊಡುವವರು ತಲೆ ಹಿಡಿದವರು ಮಾತ್ರ. ಸ್ವಲ್ಪ ಸರಿಸಬೇಕಾದರೆ ಉದ್ದಕ್ಕೇ ಸರಿಸಿ, ಅಡ್ಡಕ್ಕೆ ಎಳೆಯಬೇಡಿ. ಅಡ್ಡ ಎಳೆದಾಗ ಹೆಗಲು ಮೊದಲು ಬಂದು ಸೊಂಟ ಹಿಂದೆ ಉಳಿಯುತ್ತದೆ, ನಡುವಿನ ಬೆನ್ನು ತಿರುಚುತ್ತದೆ.

ಗಟ್ಟಿ ಹಲಗೆಯ ಮೇಲೆ ದೂರ ಸಾಗಿಸುವುದು ಈಗ ಕಡಿಮೆಯಾಗುತ್ತಿದೆ. ಎತ್ತಿಡಲು ಹಲಗೆ ಸರಿ. ಗಂಟೆಗಟ್ಟಲೆ ಮಲಗಿಸಿದರೆ ಹಿಂದಲೆ, ಬೆನ್ನಿನ ಕೆಳತುದಿ, ಹಿಮ್ಮಡಿ ನೋಯುತ್ತವೆ, ಮುಂದೆ ಒತ್ತುಹುಣ್ಣಾಗುತ್ತದೆ. ವ್ಯಾಕ್ಯೂಮ್ ಹಾಸಿಗೆ ಇದ್ದರೆ ಅದನ್ನೇ ಬುಟ್ಟಿಯೊಳಗೆ ಹಾಕಿ. ಗಾಳಿ ಹೀರಿದೊಡನೆ ಅದು ಮೈಯ ಅಚ್ಚಿನಂತೆ ಗಟ್ಟಿಯಾಗುವುದರಿಂದ ತುಂಬುವ ಕೆಲಸ ಮುಕ್ಕಾಲು ಮುಗಿದಂತೆ.

ತುಂಬುವುದು

ಮಲಗಿದವರ ಪಕ್ಕದಲ್ಲಿ ಮಂಡಿಯೂರಿ ಕೈಯಾಡಿಸಿ. ಕೈ ಸಲೀಸಾಗಿ ಹೋಗುವ ಎಲ್ಲ ಕಡೆ ತುಂಬಬೇಕು. ಸೊಂಟದ ಹಿಂದಿನ ಕಮಾನಿನಲ್ಲಿ ಮಡಿಸಿದ ಟವೆಲ್, ಬೆನ್ನನ್ನು ಮೇಲಕ್ಕೆ ತಳ್ಳುವಷ್ಟು ದಪ್ಪ ಬೇಡ. ಮೊಣಕಾಲಿನ ಕೆಳಗೆ 5–8 ಸೆಂ.ಮೀ. ದಪ್ಪದ ಸುರುಳಿ, ಕಾಲು ಪೂರ್ತಿ ನೆಟ್ಟಗಿದ್ದರೆ ಸೊಂಟ ಸೆಳೆಯುತ್ತದೆ, ಬಹಳ ಮಡಿಸಿದರೆ ಬುಟ್ಟಿ ವಾಲಿದಾಗ ಮೊಣಕಾಲು ಮಡಚಿಕೊಂಡು ಮೈ ಕೆಳಗೆ ಜಾರುತ್ತದೆ. ಮೀನಖಂಡದ ಕೆಳಗೆ ಒಂದು ಮಡಿಕೆ ಇಟ್ಟು ಹಿಮ್ಮಡಿ ಗಾಳಿಯಲ್ಲಿರುವಂತೆ ಮಾಡಿ. ಎರಡು ಕಾಲುಗಳ ನಡುವೆ, ತೊಡೆಸಂದಿನಿಂದ ಪಾದದವರೆಗೆ ಒಂದು ಕಂಬಳಿ.

ಪಕ್ಕಗಳಲ್ಲಿ ಕೈ ಜಿಪುಣವಾಗಬಾರದು. ಕಂಕುಳಿನಿಂದ ಸೊಂಟದವರೆಗೆ, ಸೊಂಟದಿಂದ ಪಾದದ ಗಿಣ್ಣಿನವರೆಗೆ ಎರಡೂ ಬದಿಗೆ ಸುರುಳಿ ಸುತ್ತಿದ ಕಂಬಳಿಯನ್ನು ಅಂಗೈಯ ಅಂಚಿನಿಂದ ಒತ್ತಿ ತುರುಕಿ. ತೆಳ್ಳಗಿನವರಿಗೆ ಒಂದೊಂದು ಬದಿಗೂ ಎರಡೆರಡು ಬೇಕಾಗಬಹುದು. ಪರೀಕ್ಷೆ ಸುಲಭ: ಸೊಂಟದ ಮೇಲೆ ಕೈಯಿಟ್ಟು ಮೆಲ್ಲಗೆ ಪಕ್ಕಕ್ಕೆ ತಳ್ಳಿ. ಮೈ ಅಲುಗದೆ ಬುಟ್ಟಿಯೇ ಅಲುಗಬೇಕು. ಸೊಂಟದ ಮೂಳೆಗೆ ಪೆಟ್ಟಾಗಿದ್ದರೆ ಹೀಗೆ ತಳ್ಳಬೇಡಿ, ಕೈ ತೂರಿಸಿ ನೋಡಿಯೇ ತೀರ್ಮಾನಿಸಿ.

ಒಳಕಟ್ಟು

ತೊಡೆಯ ಕುಣಿಕೆಯಿಂದ ಶುರು. 3 ಮೀಟರಿನ ತುಂಡಿನ ಒಂದು ತುದಿಯನ್ನು ಗಾಯಾಳುವಿನ ಸೊಂಟಪಟ್ಟಿಯ ನೇರಕ್ಕೆ, ಬುಟ್ಟಿಯ ಪಕ್ಕದ ಸರಳಿಗೆ, ಎರಡು ಸುತ್ತು ಹಾಕಿ ತುದಿಯನ್ನು ಎರಡನೇ ಸುತ್ತಿನಡಿ ಸಿಕ್ಕಿಸುವ ಕ್ಲೋವ್ ಹಿಚ್‌ನಿಂದ ಕಟ್ಟಿ. ಪಟ್ಟಿ ಸೊಂಟದ ಹೊರಬದಿಯಿಂದ ಇಳಿದು ಪೃಷ್ಠದ ಅಡಿಯಿಂದ ಹಾದು, ಎರಡು ತೊಡೆಗಳ ನಡುವೆ ಮೇಲೆ ಬಂದು, ತೊಡೆಸಂದಿನ ಮೇಲಿನಿಂದ ಓರೆಯಾಗಿ ಅದೇ ಸರಳಿಗೆ ಮರಳಬೇಕು. ಇನ್ನೊಂದು ತೊಡೆಗೂ ಹಾಗೆಯೇ. ಈಗ ಮೈ ಕಾಲಿನ ಕಡೆಗೆ ಜಾರಲು ಹೊರಟರೆ ಈ ಕುಣಿಕೆಯೇ ಪೃಷ್ಠದ ಕೆಳಗೆ ಸಿಕ್ಕಿ ಹಿಡಿಯುತ್ತದೆ. ಎಲ್ಲರೂ ಮಾಡುವ ತಪ್ಪೆಂದರೆ ಪಟ್ಟಿಯ ತುದಿಯನ್ನು ಸೊಂಟಕ್ಕಿಂತ ಕೆಳಗಿನ, ತೊಡೆಯ ನೇರದ ಸರಳಿಗೆ ಕಟ್ಟುವುದು. ನೋಡಲು ಬಿಗಿಯಾಗೇ ಇರುತ್ತದೆ, ಆದರೆ ಅಲ್ಲಿಂದ ಅದು ತಡೆಯುವುದು ಏನನ್ನೂ ಇಲ್ಲ. ಮೈ ಒಂದು ಗೇಣು ಜಾರಿದ ಮೇಲಷ್ಟೇ ಅದಕ್ಕೆ ಭಾರ ಬೀಳುತ್ತದೆ. ತೊಡೆಸಂದಿನಲ್ಲಿ ಪಟ್ಟಿ ಕೊರೆಯದಂತೆ ಮಡಿಸಿದ ಬಟ್ಟೆ ಇಡಿ.

ಸೊಂಟದ ಮೂಳೆ ಅಥವಾ ತೊಡೆಮೂಳೆ ಮುರಿದಿದ್ದರೆ ಆ ಕಡೆ ಈ ಕುಣಿಕೆ ಬೇಡ. ಸೊಂಟಕ್ಕೆ ಬಿಗಿಪಟ್ಟಿ ಹಾಕುವುದಾದರೆ ಅದು ಕೂರಬೇಕಾದದ್ದು ಹೊಟ್ಟೆಯ ಮೇಲೆ ಅಲ್ಲ, ತೊಡೆಯ ಹೊರಬದಿಯಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬುಗಳ ನೇರಕ್ಕೆ. ಅಂಥವರನ್ನು ಆದಷ್ಟೂ ಮಟ್ಟಸವಾಗಿಯೇ ಸಾಗಿಸಬೇಕು.

ಪಾದಕ್ಕೆ: ಬುಟ್ಟಿಯಲ್ಲಿ ಸರಿಸುವ ಪಾದಹಲಗೆ ಇದ್ದರೆ ಅದನ್ನು ಅಂಗಾಲಿಗೆ ತಾಗುವವರೆಗೆ ತಂದು ಬಿಗಿಯಿರಿ. ಇಲ್ಲದಿದ್ದರೆ 4.5 ಮೀಟರಿನ ಪಟ್ಟಿಯ ನಡುಭಾಗವನ್ನು ಎರಡೂ ಅಂಗಾಲಿಗೆ ಆನಿಸಿ, ಪ್ರತಿ ಪಾದಕ್ಕೂ ಎಂಟರ ಆಕಾರದಲ್ಲಿ ಒಂದು ಸುತ್ತು ಕೊಟ್ಟು, ತುದಿಗಳನ್ನು ಮೊಣಕಾಲಿನ ನೇರದ ಸರಳಿಗೆ ಕಟ್ಟಿ. ಅಂಗಾಲಿಗಿಂತ ತಲೆಯ ಕಡೆಗೆ ಕಟ್ಟಿದರೆ ಮಾತ್ರ ಇದು ಮೆಟ್ಟಿಲಿನಂತೆ ಆಸರೆ ಕೊಡುತ್ತದೆ. ಶೂ ಇದ್ದರೆ ತೆಗೆಯಬೇಡಿ, ಪಟ್ಟಿಗೆ ಒಳ್ಳೆಯ ಹಿಡಿತ. ಲೇಸನ್ನು ಸ್ವಲ್ಪ ಸಡಿಲಿಸಿ, ಬೆರಳ ತುದಿಯ ಬಣ್ಣ ನೋಡಬೇಕಾದಾಗ ಸುಲಭವಾಗುತ್ತದೆ. ಕಾಲಿಗೆ ಪೆಟ್ಟಾದವರ ಆ ಪಾದಕ್ಕೆ ಭಾರ ಬೀಳಿಸಬೇಡಿ.

ಹೆಗಲಿಗೆ: ಬೆನ್ನಚೀಲದ ಪಟ್ಟಿಯನ್ನು ನೆನಪಿಸಿಕೊಳ್ಳಿ. ಪಕ್ಕೆಲುಬಿನ ಕೆಳತುದಿಯ ನೇರದ ಸರಳಿನಿಂದ ಎದೆಯ ಮೇಲೆ ಹತ್ತಿ, ಹೆಗಲು ದಾಟಿ, ಬೆನ್ನ ಕಡೆಯಿಂದ ಕಂಕುಳಿನಡಿ ಹಾದು ಅದೇ ಸರಳಿಗೆ. ಎರಡೂ ಹೆಗಲಿಗೆ ಬೇರೆ ಬೇರೆ. ಪಟ್ಟಿ ಹೆಗಲಿನ ಹೊರಭಾಗದಲ್ಲಿರಲಿ, ಕತ್ತಿನ ಬುಡಕ್ಕೆ ಜಾರಬಾರದು. ಕಾಲರ್ ಬೋನ್ ಮುರಿದ ಕಡೆ ಇದನ್ನು ಬಿಟ್ಟುಬಿಡಿ. ಇಡೀ ಹಾದಿಯಲ್ಲಿ ತಲೆ ಕೆಳಗಾಗುವ ಜಾಗವೇ ಇಲ್ಲ ಅನ್ನಿಸಿದರೂ ಹೆಗಲ ಪಟ್ಟಿ ಬೇಕು. ತಲೆಯ ಕಡೆ ಹೊತ್ತವರು ಎಡವಿದಾಗ ಏನಾಗುತ್ತದೆಂದು ಯೋಚಿಸಿದರೆ ಸಾಕು.

ಮೇಲಿನ ಹೆಣಿಗೆ

ಒಳಕಟ್ಟಿನ ಮೇಲೆ ಕಂಬಳಿ ಮಡಚಿ ತನ್ನಿ, ಅದರ ಮೇಲೆ ಟಾರ್ಪಾಲ್. ಎಡದ ಅಂಚು, ಬಲದ ಅಂಚು ಎದೆಯ ನಡುವೆ ಒಂದರ ಮೇಲೊಂದು ಬರಲಿ, ಹೊಟ್ಟೆ ಅಥವಾ ತೋಳು ನೋಡಬೇಕಾದಾಗ ಬಾಗಿಲಿನಂತೆ ತೆರೆಯಲು ಬರಬೇಕು. ಬಿಸಿಚೀಲ ಇದ್ದರೆ ಬಟ್ಟೆ ಸುತ್ತಿ ಕಂಕುಳಲ್ಲಿ, ಎದೆಯ ಪಕ್ಕದಲ್ಲಿ. ನೇರ ಚರ್ಮಕ್ಕೆ ಬೇಡ.

10 ಮೀಟರಿನ ಪಟ್ಟಿಯ ನಡುವನ್ನು ಕಾಲಿನ ತುದಿಯ ಸರಳಿಗೆ ಸಿಕ್ಕಿಸಿ, ಎರಡು ತುದಿಗಳನ್ನು ಶೂ ಲೇಸಿನಂತೆ ಅಡ್ಡಡ್ಡ ದಾಟಿಸುತ್ತ ಮೇಲೆ ಬನ್ನಿ. ಪಟ್ಟಿ ಸುತ್ತಬೇಕಾದದ್ದು ಮೇಲಂಚಿನ ಕೆಳಗಿರುವ ಸರಳುಗಳಿಗೆ. ಮೇಲಂಚನ್ನೇ ಸುತ್ತಿದರೆ ಬುಟ್ಟಿ ಬಂಡೆಗೆ, ಗೋಡೆಗೆ ಉಜ್ಜಿದಾಗ ಮೊದಲು ಸವೆಯುವುದು ಈ ಪಟ್ಟಿ. ಹೊರುವವರ ಕೈ ಹಿಡಿಯುವ ಜಾಗವೂ ಅದೇ. ಕಾಲಿನ ಮೇಲೆ ಎರಡು ದಾಟು, ಮೊಣಕಾಲಿಗಿಂತ ಸ್ವಲ್ಪ ಮೇಲೆ ಒಂದು, ಸೊಂಟದ ಮೂಳೆಯ ಮೇಲೆ ಒಂದು, ಎದೆಯ ಮೇಲೆ ಒಂದು. ಹೊಟ್ಟೆಯ ಮೆತ್ತನೆಯ ಭಾಗದ ಮೇಲೆ ದಾಟು ಬರಬಾರದು. ಕಂಕುಳ ಎತ್ತರಕ್ಕೆ ನಿಲ್ಲಿಸಿ. ಕಾಲರ್ ಬೋನಿಗಿಂತ ಮೇಲೆ ಈ ಹೆಣಿಗೆಯ ಯಾವ ದಾಟೂ ಹೋಗಕೂಡದು. ಮೈ ಕೆಳಗೆ ಜಾರಿದರೆ ಅದೇ ಕತ್ತಿಗೆ ಉರುಳಾಗುತ್ತದೆ.

ಬಿಗಿಯುವಾಗ ಎರಡು ಬದಿಗೆ ಇಬ್ಬರು, ಒಟ್ಟಿಗೇ ಎಳೆಯಬೇಕು. ಒಬ್ಬರೇ ಎಳೆದರೆ ಮೈ ಆ ಕಡೆಗೆ ಸರಿದುಬಿಡುತ್ತದೆ. ಎದೆಯ ದಾಟು ಬಂದಾಗ ಕೈ ತಡೆಯಿರಿ. ಗಾಯಾಳುವಿಗೆ ಪೂರ್ತಿ ಉಸಿರು ಎಳೆದುಕೊಳ್ಳಲು ಹೇಳಿ, ಎದೆ ಉಬ್ಬಿದ ಆ ಕ್ಷಣದಲ್ಲಿ ಪಟ್ಟಿಯನ್ನು ಹದಕ್ಕೆ ತಂದು ಹಿಡಿಯಿರಿ. ಉಸಿರು ಬಿಟ್ಟಾಗ ಪಟ್ಟಿಯಡಿ ಚಪ್ಪಟೆಯಾಗಿ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಎಚ್ಚರವಿಲ್ಲದವರಿಗಾದರೆ ಅವರ ಎದೆಯನ್ನು ನೋಡುತ್ತ ಉಬ್ಬುವ ಕ್ಷಣಕ್ಕೆ ಕಾಯಿರಿ. ಮೇಲೆ ಮುಟ್ಟಿದ ಮೇಲೆ ಕಾಲಿನಿಂದ ಮತ್ತೊಮ್ಮೆ ಸಡಿಲವನ್ನು ಎಳೆದುಕೊಂಡು ಬನ್ನಿ, ಎರಡನೇ ಸಲವೂ ಒಂದು ಮೊಳದಷ್ಟು ಪಟ್ಟಿ ಸಿಗುತ್ತದೆ. ಕೊನೆಗೆ ಸರಳಿಗೆ ಒಂದು ಪೂರ್ತಿ ಸುತ್ತು, ಎರಡು ಹಾಫ್ ಹಿಚ್ (ತುದಿಯನ್ನು ಪಟ್ಟಿಗೇ ಒಮ್ಮೆ ಸುತ್ತಿ ಆ ಸುತ್ತಿನಡಿ ತೂರಿಸುವ ಗಂಟು), ಬಾಲವನ್ನು ಸಿಕ್ಕಿಸಿಡಿ. ತುದಿಗಂಟುಗಳೆಲ್ಲ ತಲೆಯ ಕಡೆ ನಡೆಯುವವರಿಗೆ ಸಿಗುವಂತಿರಲಿ.

ಕೈಗಳು ಒಳಗಿರಬೇಕು. ಹೊರಗೆ ಬಿಟ್ಟ ಕೈ ಹೆದರಿದಾಗ ಅಂಚನ್ನೇ ಹಿಡಿಯುತ್ತದೆ, ಬಾಗಿಲಿನ ಚೌಕಟ್ಟಿಗೂ ಬುಟ್ಟಿಗೂ ನಡುವೆ ಸಿಕ್ಕಿ ಜಜ್ಜಿಹೋಗುತ್ತದೆ. ಎಚ್ಚರವಿರುವ, ಬೆನ್ನು ಸರಿಯಿರುವವರಿಗೆ ಕೈಗಳನ್ನು ಎದೆಯ ಮೇಲೆ ಕಂಬಳಿಯಡಿ ಬಿಟ್ಟರೆ ಸಾಕು, ಮಣಿಕಟ್ಟು ಕಟ್ಟಬೇಡಿ. ಆಕ್ಸಿಜನ್ ಸಿಲಿಂಡರ್ ಜಾಗ ಕಾಲುಗಳ ನಡುವೆ, ಅದಕ್ಕೂ ಒಂದು ಪ್ರತ್ಯೇಕ ಕಟ್ಟು ಬೇಕು. ಎದೆಯ ಮೇಲಿಟ್ಟ ಸಿಲಿಂಡರ್ ಎಲ್ಲಿ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ.

ತಲೆ ಕೊನೆಗೆ

ತಲೆಯನ್ನು ಕಟ್ಟುವುದು ಕಟ್ಟಕಡೆಗೆ, ಬಿಚ್ಚುವುದು ಎಲ್ಲಕ್ಕಿಂತ ಮೊದಲು. ತಲೆ ಬಿಗಿಯಾಗಿದ್ದು ಮೈ ಅಲುಗಿದರೆ ಆ ಅಲುಗಾಟವೆಲ್ಲ ಕತ್ತಿಗೆ ಬೀಳುತ್ತದೆ. ಅಲ್ಲಿಯವರೆಗೆ ಒಬ್ಬರ ಎರಡು ಕೈ ತಲೆಯ ಮೇಲಿಂದ ಏಳಬಾರದು. ಎರಡೂ ಕಿವಿಯ ಪಕ್ಕ ಗಟ್ಟಿಯಾಗಿ ಸುತ್ತಿದ ಟವೆಲ್ ಅಥವಾ ತಲೆಯ ಬ್ಲಾಕ್, ಹಣೆಯ ಮೇಲಿನಿಂದ ಅಂಟುಪಟ್ಟಿ ಬುಟ್ಟಿಯ ಒಂದು ಬದಿಯಿಂದ ಇನ್ನೊಂದು ಬದಿಗೆ. ಗದ್ದದ ಮೇಲೆ ಪಟ್ಟಿ ಬೇಡ. ಬಾಯಿ ತೆರೆಯಲಾಗದವರು ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೇ ಹೋಗುತ್ತದೆ. ಮರಳಿನ ಚೀಲವನ್ನೂ ಬಳಸಬೇಡಿ, ಬುಟ್ಟಿ ವಾಲಿದಾಗ ಅದರ ಭಾರ ತಲೆಯನ್ನೇ ಪಕ್ಕಕ್ಕೆ ತಳ್ಳುತ್ತದೆ. ಮೇಲಿಂದ ಕಲ್ಲು ಬೀಳುವ ಜಾಗವಾದರೆ ಹೆಲ್ಮೆಟ್ ಹಾಕಿ. ಹೆಲ್ಮೆಟ್ಟಿನ ಹಿಂಭಾಗದ ದಪ್ಪಕ್ಕೆ ತಲೆ ಮುಂದಕ್ಕೆ ಬಾಗುತ್ತದೆ, ಅದನ್ನು ಸರಿದೂಗಿಸಲು ಹೆಗಲಿನಡಿ ಒಂದು ಮಡಿಕೆ ಇಡಬೇಕಾಗುತ್ತದೆ. ಗಾಗಲ್ ಯಾವಾಗಲೂ ಬೇಕು. ಮಲಗಿದವರ ಕಣ್ಣಿಗೆ ಬಿಸಿಲು, ಮಳೆ, ಹೊರುವವರ ಶೂಗಳಿಂದ ಹಾರುವ ಮಣ್ಣು ಎಲ್ಲವೂ ನೇರ ಬೀಳುತ್ತದೆ.

ಎತ್ತುವ ಮೊದಲು ಪರೀಕ್ಷೆ

ಬುಟ್ಟಿಯನ್ನು ಮೊಣಕಾಲೆತ್ತರಕ್ಕೆ ಎತ್ತಿ, ನಿಧಾನವಾಗಿ ಒಂದು ಬದಿಗೆ, ಮತ್ತೊಂದು ಬದಿಗೆ ವಾಲಿಸಿ, ತಲೆಯ ತುದಿಯನ್ನು ಸ್ವಲ್ಪ ಏರಿಸಿ. ಒಬ್ಬರು ಹೆಗಲನ್ನೂ ಒಬ್ಬರು ಸೊಂಟವನ್ನೂ ನೋಡುತ್ತಿರಬೇಕು. ಎರಡು ಬೆರಳಿಗಿಂತ ಹೆಚ್ಚು ಸರಿದರೆ ಇಳಿಸಿ, ಎಲ್ಲಿ ಟೊಳ್ಳು ಉಳಿದಿದೆ ಹುಡುಕಿ. ಪಟ್ಟಿ ಬಿಗಿಯುವುದು ಆಮೇಲೆ. ಕೈಕಾಲಿನ ನಾಡಿ, ಸ್ಪರ್ಶ, ಚಲನೆಯನ್ನು ಮತ್ತೆ ನೋಡಿ, ಮೊದಲು ಬರೆದದ್ದರ ಜೊತೆ ಹೋಲಿಸಿ. ಹಾದಿಯಲ್ಲಿ ಗಂಭೀರ ಸ್ಥಿತಿಯವರಿಗೆ 5 ನಿಮಿಷಕ್ಕೊಮ್ಮೆ, ಉಳಿದವರಿಗೆ 15 ನಿಮಿಷಕ್ಕೊಮ್ಮೆ ಇದೇ ಕೆಲಸ.

ವಾಂತಿಗೆ ಮೊದಲೇ ಸಿದ್ಧವಾಗಿರಿ. "ಹೊಟ್ಟೆ ತೊಳಸುತ್ತಿದೆ" ಅಂದ ಕೂಡಲೇ ಇಡೀ ಬುಟ್ಟಿಯನ್ನು ಪಕ್ಕಕ್ಕೆ ಹೊರಳಿಸಿ ಬಾಯಿ ಶುಚಿ ಮಾಡಬೇಕು. ಎಲ್ಲರಿಗೂ ಯಾವ ಬದಿಗೆ ಹೊರಳಿಸುವುದೆಂದು ಮೊದಲೇ ಗೊತ್ತಿರಲಿ. ಎಚ್ಚರವಿಲ್ಲದ, ಬಾಯಲ್ಲಿ ರಕ್ತ ಬರುತ್ತಿರುವವರನ್ನು ಅಂಗಾತ ಕಟ್ಟುವ ಬದಲು ಪಕ್ಕಕ್ಕೆ ಮಲಗಿಸಿಯೇ ಕಟ್ಟಿ, ಬೆನ್ನ ಹಿಂದೆಯೂ ಹೊಟ್ಟೆಯ ಮುಂದೆಯೂ ಕಂಬಳಿ ತುಂಬಿ. ಉಸಿರಾಟದ ತೊಂದರೆ ಇರುವವರಿಗೆ ತಲೆ, ಎದೆ ಎತ್ತರಿಸಬೇಕು. 20 ವಾರ ದಾಟಿದ ಗರ್ಭಿಣಿಯಾದರೆ ಬಲಪಕ್ಕದಡಿ ಕಂಬಳಿ ಕೊಟ್ಟು ಎಡಕ್ಕೆ 15–30 ಡಿಗ್ರಿ ವಾಲಿಸಿ. ಅಂಗಾತ ಮಲಗಿದರೆ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ರಕ್ತದೊತ್ತಡ ಇಳಿಯುತ್ತದೆ. ಪಟ್ಟಿ ಹೊಟ್ಟೆಗಿಂತ ಮೇಲಕ್ಕೆ, ಎದೆಯ ಕಡೆ ಒಂದು, ಹೊಟ್ಟೆಗಿಂತ ಕೆಳಕ್ಕೆ ಒಂದು, ಉಬ್ಬಿದ ಹೊಟ್ಟೆಯನ್ನು ಹಾದುಹೋಗಲೇಬಾರದು.

ಹೊರುವಾಗ, ತೂಗುವಾಗ

ಆರು ಜನ ಹೊರುತ್ತಾರೆ, ಪ್ರತಿ ಬದಿಗೆ ಮೂವರು, ಎದುರು ಬದುರು ಒಂದೇ ಎತ್ತರದವರು. ಕೆಟ್ಟ ಹಾದಿಯಲ್ಲಿ ಒಂದು ಕಿಲೋಮೀಟರಿಗಿಂತ ಹೆಚ್ಚು ದೂರವಿದ್ದರೆ ಆರಾರು ಜನರ ಮೂರು ತಂಡ ಕರೆಸಿ. ಕಡಿಮೆ ಜನ ಬಂದ ದಿನ ನಡುದಾರಿಯಲ್ಲಿ ಕೈ ಸೋತು ಬುಟ್ಟಿ ಬೀಳುತ್ತದೆ. ಸಮನೆಲದಲ್ಲಿ, ಇಳಿಜಾರಿನಲ್ಲಿ ಕಾಲು ಮುಂದೆ. ಏರಿನಲ್ಲಿ ತಲೆ ಮುಂದೆ. ಬಂಡೆರಾಶಿ ದಾಟುವಾಗ ನಡೆಯಬೇಡಿ. ಎರಡು ಸಾಲಾಗಿ ಕಾಲೂರಿ ನಿಂತು ಬುಟ್ಟಿಯನ್ನು ಕೈಯಿಂದ ಕೈಗೆ ದಾಟಿಸಿ, ಹಿಂದಿನವರು ಖಾಲಿಯಾದ ಮೇಲೆ ಸುತ್ತಿ ಮುಂದೆ ಬರಲಿ. "ನಿಲ್ಲಿ" ಎಂದು ಯಾರು ಬೇಕಾದರೂ ಕೂಗಬಹುದು, "ನಡೆಯಿರಿ" ಎನ್ನುವುದು ಒಬ್ಬರೇ.

ಹಗ್ಗದಲ್ಲಿ ತೂಗುವ ಕೆಲಸ ಕಲಿತವರದ್ದು, ಇಲ್ಲಿ ಕಟ್ಟಿನ ಮಾತಷ್ಟೇ. ಗಾಯಾಳುವಿನ ಮೈಗೆ ಪ್ರತ್ಯೇಕ ಹಾರ್ನೆಸ್ (ಮೈಗೆ ತೊಡಿಸುವ, ಹಗ್ಗಕ್ಕೆ ಕೊಂಡಿ ಹಾಕುವ ಪಟ್ಟಿಗಳ ಕಟ್ಟು) ಹಾಕಿ, ಅದನ್ನು ಬುಟ್ಟಿಗಲ್ಲ, ಬುಟ್ಟಿಯ ಕಟ್ಟುಗಳೆಲ್ಲ ಸೇರುವ ಮೇಲಿನ ಮುಖ್ಯ ಕೊಂಡಿಗೇ ಜೋಡಿಸಬೇಕು. ಬುಟ್ಟಿಯ ಕಡೆಯಿಂದ ಏನೇ ತಪ್ಪಿದರೂ ಮನುಷ್ಯ ಹಗ್ಗದಲ್ಲೇ ಉಳಿಯುತ್ತಾರೆ. ಜಾಗವಿದ್ದರೆ ಮಟ್ಟಸವಾಗಿಯೇ ತೂಗಿ, ನೆಟ್ಟಗೆ ನಿಲ್ಲಿಸುವುದು ಬೇರೆ ದಾರಿ ಇಲ್ಲದ ಇಕ್ಕಟ್ಟಿಗೆ. ಹೆಲಿಕಾಪ್ಟರ್ ಬರುವುದಾದರೆ ಸಡಿಲ ಕಂಬಳಿ, ಹಾಳೆ, ಟೋಪಿ ಒಂದೂ ಹೊರಗೆ ಕಾಣಬಾರದು, ಗಾಳಿಗೆ ಎದ್ದು ರೋಟರಿಗೆ ಸಿಕ್ಕುತ್ತವೆ. ಕಿವಿಗೆ ಮುಚ್ಚಳ ಹಾಕುವ ಮೊದಲೇ ಗಾಯಾಳುವಿಗೆ ಎಲ್ಲ ವಿವರಿಸಿ. ಕೆಳಗಿಳಿಯುವ ಕೊಕ್ಕೆ ನೆಲಕ್ಕೆ ತಾಗಿ ಸ್ಥಿರವಿದ್ಯುತ್ ಇಳಿಯುವ ತನಕ ಅದನ್ನು ಮುಟ್ಟಬೇಡಿ. ಬುಟ್ಟಿ ಗಿರಗಿರ ತಿರುಗದಂತೆ ಕೆಳಗಿನಿಂದ ಒಂದು ಹಿಡಿಹಗ್ಗ ಬೇಕು.

ನೀರಿನಲ್ಲಿ, ನೀರಿನ ಅಂಚಿನಲ್ಲಿ ಈ ನಿಯಮವೆಲ್ಲ ತಲೆಕೆಳಗು. ಹೆಣೆದು ಕಟ್ಟಿದ ಬುಟ್ಟಿ ಮಗುಚಿದರೆ ಬಿಚ್ಚುವಷ್ಟು ಹೊತ್ತು ಸಿಗುವುದಿಲ್ಲ. ಗಾಯಾಳುವಿಗೆ ಲೈಫ್ ಜಾಕೆಟ್, ಬುಟ್ಟಿಗೆ ತೇಲು, ಒಂದೇ ಎಳೆತಕ್ಕೆ ಬಿಚ್ಚುವ ಬಕಲ್‌ಗಳು ಮಾತ್ರ. ಬುಟ್ಟಿಯನ್ನು ದೋಣಿಗೆ ಕಟ್ಟಿಹಾಕಬೇಡಿ.

ಈ ಕೈಚಳಕ ಕಲಿಯಲು ತಂಡದವರನ್ನೇ ಕಟ್ಟಿ, ಅರ್ಧ ಗಂಟೆ ಬಿಡಿ, ಮೆಟ್ಟಿಲು ಹತ್ತಿಸಿ ಇಳಿಸಿ. ಹಿಮ್ಮಡಿ, ಹಿಂದಲೆ, ತೊಡೆಸಂದು ಎಲ್ಲಿ ಉರಿಯುತ್ತದೆಂದು ಮಲಗಿದವರೇ ಹೇಳುತ್ತಾರೆ. ಬುಟ್ಟಿ ಬಿಚ್ಚುವಾಗ ತಲೆಯನ್ನು ಕೈಯಲ್ಲಿ ಹಿಡಿದು ಹಣೆಯ ಪಟ್ಟಿ ಮೊದಲು, ಆಮೇಲೆ ಎದೆ, ಕಡೆಗೆ ಪಾದ. ಟೂರ್ನಿಕೆಟ್ಟಿನ ಸಮಯವನ್ನು ವೈದ್ಯರಿಗೆ ಬಾಯಲ್ಲೂ ಹೇಳಿ. ಸರಳಿಗೆ ಉಜ್ಜಿ ನೂಲು ಎದ್ದ, ರಕ್ತ ಹಿಡಿದು ಗಟ್ಟಿಯಾದ ಪಟ್ಟಿಯನ್ನು ಕತ್ತರಿಸಿ ಎಸೆಯಿರಿ, ಇನ್ನೊಬ್ಬರು ಎತ್ತಿ ಬಳಸದಂತೆ. ಉಳಿದದ್ದನ್ನು ತೊಳೆದು ನೆರಳಲ್ಲಿ ಒಣಗಿಸಿ, ಬಿಸಿಲು ನೈಲಾನಿನ ಶಕ್ತಿ ತಿನ್ನುತ್ತದೆ. ಉದ್ದ ಅಳೆದು, ಸುರುಳಿ ಸುತ್ತಿ, ಬಣ್ಣದ ಪ್ರಕಾರ ಚೀಲಕ್ಕೆ ಹಾಕಿಡಿ.